ಬಿಸಿಗೊಂದು ದಾರಿ

ಮಿರಜ ಬಳಿಯ ಬೇಡಗದ ಈ ಬಿರುಬೇಸಿಗೆಯ ಮಧ್ಯಾಹ್ನದಲ್ಲಿ, ತಮ್ಮನ ಗ್ರಾಫಿಕ್ಸ್ ಕಾರ್ಡು ಬೆಳಗಿನಿಂದ ವಿಡಿಯೊ ರೆಂಡರಿಂಗಿನಲ್ಲಿ ಅವಿರತವಾಗಿ ದುಡಿದು, ತಾಪ 83 ಡಿಗ್ರಿಗೇರಿದೊಡನೆ ಆತ್ಮರಕ್ಷಣೆಗಾಗಿ ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತಿರುವುದನ್ನು ನೋಡುತ್ತಿರುವಾಗ ನನಗೆ ತೋರಿದ್ದಿಷ್ಟು: ನಾವು ಫ್ಯಾನುಗಳನ್ನು ಹೆಚ್ಚಿಸುತ್ತೇವೆಯೇ ಹೊರತು, ಅವು ಹೊರದೂಡಿದ ಬಿಸಿ ಮುಂದೆ ಎಲ್ಲಿಗೆ ಹೋಗಬೇಕೆಂಬುದನ್ನು ಯೋಚಿಸುವುದಿಲ್ಲ. ಆರ್‌ಟಿಎಕ್ಸ್ 4090ರಂಥ ಕಾರ್ಡು ಪೂರ್ಣಭಾರದಲ್ಲಿ ಸೆಳೆಯುವ 450 ವಾಟ್ ವಿದ್ಯುತ್ತು ಸರಿಸುಮಾರು ಎಲ್ಲವೂ ಕಡೆಗೆ ಶಾಖವಾಗಿಯೇ ಪರಿಣಮಿಸುವುದರಿಂದ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಫ್ಯಾನು ತಾನು ಉಗುಳಿದ ಬಿಸಿಯನ್ನೇ ಮರಳಿ ಸೇವಿಸುತ್ತದೆ. ಕೋಣೆಯ ಗಾಳಿಗಿಂತ ಕಾರ್ಡನ್ನು ತಂಪಾಗಿಸುವ ಸಾಮರ್ಥ್ಯ ಯಾವ ಫ್ಯಾನಿಗೂ ಇಲ್ಲ. ನಮ್ಮ ಸೀಮೆಯ ಒಣದ್ರಾಕ್ಷಿಯ ಶೆಡ್ಡುಗಳನ್ನು ಗಾಳಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡುವಂತೆ ತೆರಪಾಗಿ ಕಟ್ಟುವುದಿಲ್ಲವೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ ಮಹಾಗಣಕದಲ್ಲಿ ಚಿಪ್‌ಗಳ ಬಳಿಯೇ ದ್ರವವನ್ನು ಹರಿಸಿ ಶಾಖವನ್ನು ಹೊರಸಾಗಿಸುತ್ತಾರೆ. ಅಷ್ಟು ನಮ್ಮಿಂದಾಗದು. ಆದರೂ ಹೀಟ್‌ಸಿಂಕಿನ ಸಂದುಗಳಲ್ಲಿ ಕುಳಿತ ಕೆಂಧೂಳನ್ನು ತೆಗೆದು, ಎದುರುಬದುರು ಕಿಟಕಿಗಳನ್ನು ತೆರೆದು, ಪವರ್ ಲಿಮಿಟ್ಟನ್ನು ತುಸು ಇಳಿಸಿದರೆ ವೇಗ ಹೆಚ್ಚೇನೂ ಕುಂದದೆ ತಾಪ ನಿಶ್ಚಯವಾಗಿ ಇಳಿಯುತ್ತದೆ. ಮಿರಜ, ಸಾಂಗಲಿಯ ಮಿತ್ರರೇ, ಈ ಸೆಕೆಯಲ್ಲಿ ನೀವು ಏನು ಮಾಡುತ್ತಿದ್ದೀರಿ, ದಯವಿಟ್ಟು ತಿಳಿಸಿರಿ.