ಇಂಜಿನ್ ಹೊತ್ತ ಹಲಗೆ

ಮೇ ತಿಂಗಳು ಬಂತೆಂದರೆ ಕಾಪುವಿನಿಂದ ಮಲ್ಪೆಯವರೆಗೆ ಕಡಲಕರೆಯುದ್ದಕ್ಕೂ ದೋಣಿ ರಿಪೇರಿಯ ಗಡಿಬಿಡಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ ಬಂದರಿನಲ್ಲಿ ಟ್ರಾಲ್ ಬೋಟುಗಳೂ ಪರ್ಸೀನ್ ಬೋಟುಗಳೂ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಹತ್ತು ಅಶ್ವಶಕ್ತಿಯೊಳಗಿನ ಇಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ಆಗ ಅವಕಾಶ. ತೂಫಾನ್ ಎದ್ದು ಇಳಿದ ಮೇಲೆ ಕರೆಯ ಹತ್ತಿರ ಬರುವ ಮೀನೇ ನಾಡದೋಣಿಯವರ ವರ್ಷದ ದೊಡ್ಡ ಆಸರೆ. ಹಾಗಾಗಿ ಮಳೆಗೆ ಮೊದಲು ಎಲ್ಲವನ್ನೂ ಸರಿಮಾಡಿಕೊಳ್ಳಬೇಕು. ಬಲೆ ನೋಡುತ್ತಾರೆ, ಹಗ್ಗ ನೋಡುತ್ತಾರೆ, ಇಂಜಿನ್ನಿನ ಪ್ಲಗ್ ಬಿಚ್ಚಿ ಉಜ್ಜುತ್ತಾರೆ. ಇಂಜಿನ್ ಕೂತಿರುವ ಹಲಗೆಯನ್ನು ನೋಡುವವರು ಕಡಿಮೆ. ಆ ಹಲಗೆಯ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನದಿಂದ ಇತ್ತು.

ಈಗಿನ ಸಣ್ಣ ನಾಡದೋಣಿಗಳು ಹೆಚ್ಚಿನವು ಫೈಬರಿನವು. ಇಂಜಿನ್ನಿಗೆಂದೇ ಕಟ್ಟಿದ ದೋಣಿಯ ಹಿಂಬದಿ ಚಪ್ಪಟೆಯಾಗಿರುತ್ತದೆ, ಅಲ್ಲಿ ಒಂದು ಅಡ್ಡಹಲಗೆ ನಿಂತಿರುತ್ತದೆ. ಹೊರಗಿನಿಂದ ನೋಡಿದರೆ ಅದೂ ಫೈಬರೇ. ಒಳಗಿರುವುದು ಮರ. ಬರಿಯ ತೆಳು ಫೈಬರಿಗೆ ಕ್ಲಾಂಪು ಬಿಗಿದರೆ ಅದು ಬಾಗುತ್ತದೆ, ನಲುಗುತ್ತದೆ. ಅದಕ್ಕೆ ಸುಮಾರು ಒಂದೂವರೆ ಇಂಚು ದಪ್ಪದ ಮರವನ್ನು ನಡುವೆ ಇಟ್ಟು ಎರಡೂ ಕಡೆ ಫೈಬರ್ ಹೊದಿಸುತ್ತಾರೆ. ಮೂವತ್ತೈದು ನಲವತ್ತು ಕಿಲೋದ ಇಂಜಿನ್ ಅದರ ಮೇಲೆ ತೂಗುತ್ತದೆ. ಭಾರ ಹೊರುವುದೊಂದೇ ಆದರೆ ಕಷ್ಟವಿರಲಿಲ್ಲ. ನೀರಿನೊಳಗೆ ಫ್ಯಾನು ತಿರುಗಿ ದೋಣಿಯನ್ನು ಮುಂದಕ್ಕೆ ದೂಡುವಾಗ ಇಂಜಿನ್ನಿನ ಕೆಳಭಾಗ ಹಲಗೆಯನ್ನು ಒತ್ತುತ್ತದೆ, ಮೇಲಿನ ಬೋಲ್ಟುಗಳು ಅದೇ ಹಲಗೆಯನ್ನು ಹಿಂದಕ್ಕೆ ಜಗ್ಗುತ್ತವೆ. ಅಳಿವೆ ಬಾಯಿಯಲ್ಲಿ ತೆರೆ ಹಿಂಬದಿಯನ್ನು ಎತ್ತಿದಾಗ ಫ್ಯಾನು ನೀರು ಬಿಟ್ಟು ಕಿರುಚುತ್ತದೆ, ಮರುಗಳಿಗೆಗೆ ಮತ್ತೆ ನೀರಿಗೆ ಬಿದ್ದು ಕಚ್ಚುತ್ತದೆ. ಆ ಹೊಡೆತವೆಲ್ಲ ಈ ಒಂದು ಹಲಗೆಗೆ.

ನನ್ನ ದೊಡ್ಡಮ್ಮನ ಮಗ, ನನಗೆ ಅಣ್ಣ, ಕಾಪುವಿನಲ್ಲಿ ಇಂಥದೊಂದು ದೋಣಿ ಇಟ್ಟುಕೊಂಡಿದ್ದಾನೆ. ಬೇರೆಯವರಿಂದ ಕೊಂಡ ಹಳೆಯ ದೋಣಿ. ಇಂಜಿನ್ ಜೋರು ಮಾಡಿದಾಗ ಹಿಂಬದಿ ನಡುಗುತ್ತದೆ ಎಂದು ಅವನಿಗೆ ಅನುಮಾನ ಬಂತು. ಉದ್ಯಾವರದ ಕಡೆಯಿಂದ ದೋಣಿ ಕೆಲಸದ ಆಚಾರ್ರನ್ನು ಕರೆಸಿದ. 1901ರ ದೀಪಸ್ತಂಭದಿಂದ ಸ್ವಲ್ಪ ದೂರ, ತೆಂಗಿನ ಮರಗಳ ಅಡಿಯಲ್ಲಿ ದೋಣಿ ಎಳೆದಿಟ್ಟಿದ್ದರು. ಮಣಿಪಾಲದಿಂದ ನಾನೂ ಹೋಗಿದ್ದೆ. ಆಚಾರ್ರು ಏನನ್ನೂ ಬಿಚ್ಚಲಿಲ್ಲ. ಸಣ್ಣ ಸುತ್ತಿಗೆ ತೆಗೆದು ಹಲಗೆಯ ಮೇಲಂಚಿನಿಂದ ಬುಡದವರೆಗೆ ಬಡಿಯುತ್ತ ಬಂದರು. ಮೇಲೆ ಟಣ್ ಎಂದು ಗಟ್ಟಿ ದನಿ. ಬೋಲ್ಟುಗಳ ಕೆಳಗೆ ಬಂದಾಗ ದನಿ ಸತ್ತುಹೋಯಿತು, ಬುಡದ ಬೂಚಿನ ತೂತಿನ ಹತ್ತಿರ ದೊಪ್ ದೊಪ್ ಎಂದಿತು.

“ಒಳಗಿಂದ ಹೋಗಿದೆ ಮಾರಾಯ್ರೆ. ಮೇಲೆ ಮೇಲೆ ಪೇಂಟ್ ಹೊಡೆದರೆ ಏನೂ ಪ್ರಯೋಜನ ಇಲ್ಲ. ಬಿಚ್ಚಬೇಕು” ಎಂದರು.

ಇಂಜಿನ್ ಇಳಿಸಿ, ಒಳಬದಿಯ ಫೈಬರನ್ನು ಗ್ರೈಂಡರಿನಿಂದ ಚೌಕಾಕಾರಕ್ಕೆ ಕೊಯ್ದು ತೆಗೆದಾಗ ಒಳಗಿನದು ಕಂಡಿತು. ಮೇಲ್ಭಾಗದಲ್ಲಿ ಮರದ ಬಣ್ಣ ಇನ್ನೂ ಹಳದಿ. ಕೆಳಗೆ ಬರುತ್ತ ಕಂದು, ಇನ್ನೂ ಕೆಳಗೆ ಕಪ್ಪು. ಉಳಿ ಒತ್ತುವುದೇ ಬೇಡ, ಬೆರಳು ಒಳಗೆ ಹೋಗುತ್ತಿತ್ತು. ಹಿಂಡಿದರೆ ನೀರು. ಆಚಾರ್ರು ಒಂದು ಚೂರನ್ನು ನನ್ನ ಅಂಗೈಗೆ ಹಾಕಿ ನಾಲಿಗೆಗೆ ತಾಗಿಸಿ ನೋಡಲು ಹೇಳಿದರು. ಕಡಲಲ್ಲಿ ದಿನಾ ಮುಳುಗಿ ಏಳುವ ದೋಣಿ, ಉಪ್ಪಾಗಿರಬೇಕೆಂದುಕೊಂಡೆ. ಉಪ್ಪು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ ಇತ್ತು. “ಇದು ಕಡಲ ನೀರಲ್ಲ, ಮಳೆ ನೀರು” ಎಂದರು ಆಚಾರ್ರು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ ನನಗೆ ಆ ಮಾತು ತಲೆಯಲ್ಲಿ ಉಳಿಯಿತು. ಮರ ಕೊಳೆಯುವುದು ಶಿಲೀಂಧ್ರದಿಂದ. ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಪೂರ್ತಿ ನೀರಿನಡಿಯಲ್ಲಿದ್ದ ಮರ ಅಷ್ಟು ಬೇಗ ಕೊಳೆಯದು. ನಮ್ಮಲ್ಲಿ ಹಳೆಯ ಬಾವಿಗಳ ತಳಕ್ಕೆ ನೆಲ್ಲಿಮರದ ಚೌಕಟ್ಟು ಇಡುತ್ತಿದ್ದುದು ಈ ತಿಳಿವಳಿಕೆಯಿಂದಲೇ. ಉಪ್ಪುನೀರಿನಲ್ಲಿ ಶಿಲೀಂಧ್ರ ಇನ್ನೂ ಸೋಲುತ್ತದೆ. ಬಂಗುಡೆಯನ್ನು ಉಪ್ಪುಹಾಕಿ ಒಣಗಿಸಿ ಮಳೆಗಾಲಕ್ಕೆ ಇಡುವಂತೆ ಕಡಲು ಮರವನ್ನು ಉಪ್ಪಿನಲ್ಲಿ ಕಾಪಾಡುತ್ತದೆ. ಕಡಲಲ್ಲಿ ಮರಕ್ಕಿರುವ ಶತ್ರು ಬೇರೆ. ಅದು ಮರವನ್ನು ಕೊರೆದು ಒಳಗೇ ಬೆಳೆಯುವ ಹಡಗುಹುಳು. ದೋಣಿಯನ್ನು ಮರಳಿಗೆ ಎಳೆದು ಒಣಗಿಸಿದರೆ ಆ ಹುಳು ಸಾಯುತ್ತದೆ. ಮಳೆನೀರು ಹಾಗಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಕಡಲಿಗೆ ಇಳಿಯದ ದಿನಗಳಲ್ಲಿ ದೋಣಿ ದಡದಲ್ಲಿ ಬಾಯಿತೆರೆದು ಬಿದ್ದಿರುತ್ತದೆ, ಹೊಟ್ಟೆತುಂಬ ಸಿಹಿನೀರು. ಬೋಲ್ಟಿನ ತೂತು, ಬೂಚಿನ ತೂತು, ಹಿಂದಿನ ಮಾಲೀಕರು ಫಿಶ್ ಫೈಂಡರ್ ಕೂರಿಸಲು ಕೊರೆದು ಹಾಗೆಯೇ ಬಿಟ್ಟ ಸ್ಕ್ರೂ ತೂತು, ಎಲ್ಲದರಿಂದಲೂ ನೀರು ಒಳಗಿಳಿಯಿತು. ಒಳಗಿಳಿದ ನೀರಿಗೆ ಹೊರಬರುವ ದಾರಿ ಇಲ್ಲ. ಮರವನ್ನು ಕಾಯಲೆಂದು ಹೊದಿಸಿದ ಫೈಬರೇ ನೀರನ್ನು ಮರದೊಳಗೆ ಹಿಡಿದಿಟ್ಟಿತು. ಕಡಲಲ್ಲಿ ದುಡಿದದ್ದಕ್ಕಿಂತ ದಡದಲ್ಲಿ ವಿಶ್ರಾಂತಿ ಪಡೆದದ್ದೇ ಆ ಹಲಗೆಗೆ ಮುಳುವಾಯಿತು.

ಮರದ ದೋಣಿಗಳ ಕಾಲದಲ್ಲಿ ಹೀಗಾಗುತ್ತಿರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಆಗ ಮರ ಕಣ್ಣಿಗೆ ಕಾಣುತ್ತಿತ್ತು. ಮಾವಿನ ಮರ ಕೊರೆದ ದೋಣಿ, ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಸಂದಿಗೆ ಹತ್ತಿ, ರಾಳ ತುಂಬಿದ ದೋಣಿ, ಇವೆಲ್ಲ ವರ್ಷ ವರ್ಷವೂ ಕೈಯಾರೆ ನೋಡಿಸಿಕೊಳ್ಳುತ್ತಿದ್ದವು. ಬೂತಾಯಿ ಎಣ್ಣೆ, ಹೊನ್ನೆ ಎಣ್ಣೆ ಬಳಿಯುತ್ತಿದ್ದರು. ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಕೈಗೆ ತಾಗಿದರೆ ಚರ್ಮ ಸುಡುವ ಆ ಕಪ್ಪೆಣ್ಣೆಯ ಹತ್ತಿರ ಹುಳುವೂ ಬೂಷ್ಟೂ ಸುಲಭಕ್ಕೆ ಸುಳಿಯವು. ಎಣ್ಣೆ ಬಳಿಯುವಾಗ ಕೈ ಇಡೀ ದೋಣಿಯ ಮೇಲೆ ಹರಿಯುತ್ತದೆ. ಎಲ್ಲಿ ಮೆತ್ತಗಾಗಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ಕೈಗೇ ಗೊತ್ತಾಗುತ್ತದೆ. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬಂದು, ದಡದಿಂದ ಎಳೆಯುವ ರಂಪಣಿ ಬಲೆ ಹಿಂದೆ ಸರಿಯಿತು. 1980ರ ದಶಕದಲ್ಲಿ ನಾಡದೋಣಿಗಳಿಗೆ ಔಟ್‌ಬೋರ್ಡ್ ಇಂಜಿನ್ ಬಂತು, ಆಮೇಲೆ ಫೈಬರ್ ಬಂತು. ಫೈಬರ್ ದೊಡ್ಡ ಉಪಕಾರ ಮಾಡಿದೆ: ದೋಣಿ ಹಗುರಾಯಿತು, ಖರ್ಚು ಇಳಿಯಿತು, ಕಾಡಿನ ದೊಡ್ಡ ಮರಗಳು ಉಳಿದವು. ಮರ ಕಣ್ಮರೆಯಾದ ಕೂಡಲೇ ಅದರ ಆರೈಕೆಯೂ ನಿಂತುಹೋಯಿತು, ಅಷ್ಟೇ. ಇಂಜಿನ್ನಿನ ಹಿಂದೆ ಇನ್ನೂ ಮರವೇ ನಿಂತಿದೆ ಎಂಬುದು ಮರೆತುಹೋಯಿತು.

ಇದು ನಮ್ಮ ಕರಾವಳಿಯ ಕಾಯಿಲೆ ಮಾತ್ರ ಅಲ್ಲವೆಂದು ತಿಳಿದದ್ದು ನನ್ನ ಅಳಿಯನಿಂದ. ತಂಗಿಯ ಮಗ ಕೆನಡಾದಲ್ಲಿದ್ದಾನೆ. ಅಲ್ಲಿನ ಕೆರೆಗಳಲ್ಲಿ ಗಾಳ ಹಾಕಲು ಹಳೆಯದೊಂದು ಅಲ್ಯೂಮಿನಿಯಂ ದೋಣಿ ಕೊಂಡಿದ್ದ. ಮೈಯೆಲ್ಲ ಲೋಹ, ರಿವೆಟ್ ಹೊಡೆದು ಕೂಡಿಸಿದ್ದು. ಆದರೆ ಇಂಜಿನ್ ಕೂರುವಲ್ಲಿ ಎರಡು ತಗಡಿನ ನಡುವೆ ಪ್ಲೈವುಡ್ಡೇ. ಅದೂ ಒಳಗಿನಿಂದ ಕರಗಿಹೋಗಿತ್ತು. ನಾನು ಕಾಪುವಿನ ಹಲಗೆಯ ಫೋಟೊ ಕಳುಹಿಸಿದ ದಿನ ಅವನೂ ತನ್ನದರ ಫೋಟೊ ಕಳುಹಿಸಿದ. ಯಾವುದು ಎಲ್ಲಿಯದೆಂದು ಗುರುತಿಸಲಾಗದಷ್ಟು ಒಂದೇ ತರ.

“ಮಾವ, ಇಲ್ಲಿ ಮದ್ದು ಹಾಕಿದ ಹಸಿರು ಬಣ್ಣದ ಪ್ಲೈವುಡ್ ಸಿಗ್ತದೆ. ಎಷ್ಟು ನೀರು ಬಿದ್ದರೂ ಕೊಳೆಯುವುದಿಲ್ಲವಂತೆ. ಅದನ್ನೇ ಹಾಕಲಾ?” ಎಂದು ಕೇಳಿದ.

“ಫೈಬರ್ ದೋಣಿಗಾದರೆ ಬೇರೆ ಮಾತು, ಅಲ್ಯೂಮಿನಿಯಮಿಗೆ ಬೇಡವೇ ಬೇಡ” ಎಂದೆ. ಆ ಹಸಿರು ತಾಮ್ರದ್ದು. ಕಾರ್ಕಳದ ನನ್ನ ಹೆಂಡತಿಯ ತವರಿನಲ್ಲಿ ಕೊಳೆರೋಗ ಬಾರದಂತೆ ಅಡಿಕೆಗೆ ಹೊಡೆಯುವ ಮೈಲುತುತ್ತಿನ ದ್ರಾವಣದಲ್ಲಿರುವುದೂ ಅದೇ ತಾಮ್ರ. ಶಿಲೀಂಧ್ರವನ್ನು ಅದು ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಒದ್ದೆಯಾದ ಜಾಗದಲ್ಲಿ ತಾಮ್ರದ ಲವಣ ಅಲ್ಯೂಮಿನಿಯಮಿಗೆ ತಾಗಿದರೆ ಅಲ್ಯೂಮಿನಿಯಂ ಸವೆಯುತ್ತದೆ, ತಗಡಿನಲ್ಲಿ ಸಣ್ಣ ಸಣ್ಣ ಕುಳಿ ಬೀಳುತ್ತದೆ. ಉಪ್ಪುನೀರು ಸೇರಿದರೆ ಇನ್ನೂ ಬೇಗ. ಹಲಗೆ ಉಳಿದು ದೋಣಿ ಹೋಗುತ್ತದೆ. ಮದ್ದಿಲ್ಲದ ಒಳ್ಳೆಯ ಪ್ಲೈವುಡ್ ತೆಗೆದುಕೊಂಡು ಎಲ್ಲ ಮಗ್ಗುಲಿಗೂ ಎಪಾಕ್ಸಿ ಬಳಿ, ಬೋಲ್ಟು ಒಳ್ಳೆಯ ಸ್ಟೈನ್‌ಲೆಸ್ ಸ್ಟೀಲಿನದ್ದಿರಲಿ ಎಂದು ಹೇಳಿದೆ. ಹಾಗೆಯೇ ಮಾಡಿದ.

ಇಲ್ಲಿ ಅಣ್ಣನಿಗೆ ಪ್ಲೈವುಡ್ ಎಂದರೆ ಅಪನಂಬಿಕೆ. ಕಾರ್ಕಳಕ್ಕೆ ಹೋಗಿ ಸಾಮಿಲ್ಲಿನಲ್ಲಿ ಹೆಬ್ಬಲಸಿನ ದಪ್ಪ ಹಲಗೆ ಕೊಯ್ಸುವುದೆಂದು ಹೊರಟ, ಜೊತೆಗೆ ನಾನೂ ಹೋದೆ. ಊರೊಳಗೆ ಹೋಗುವಾಗ ಬೆಟ್ಟದ ಮೇಲೆ ಗೊಮ್ಮಟ ಕಂಡ. 1432ರಲ್ಲಿ ನಿಂತ ಆ ಕಲ್ಲಿಗೆ ಹನ್ನೆರಡು ವರ್ಷಕ್ಕೊಮ್ಮೆ ಅಭಿಷೇಕವಾದರೆ ಸಾಕು. ಮರಕ್ಕೆ ವರ್ಷ ವರ್ಷವೂ ಎಣ್ಣೆಯಾಗಬೇಕು. ಹೆಬ್ಬಲಸು ಸಿಕ್ಕಿತು, ಹೊನ್ನಿನಂಥ ಬಣ್ಣ. ಆಚಾರ್ರು ಅದನ್ನು ಸವರಿ ಮೆಚ್ಚಿದರು. ಆದರೆ ಇಂಜಿನ್ನಿನ ಜಾಗಕ್ಕೆ ಒಪ್ಪಲಿಲ್ಲ. ಇಡಿಹಲಗೆಯ ಎಳೆ ಒಂದೇ ದಿಕ್ಕಿಗೆ ಓಡುತ್ತದೆ, ಇಂಜಿನ್ ಜಗ್ಗಿ ಜಗ್ಗಿ ಬೋಲ್ಟಿನ ಸಾಲಿನಲ್ಲಿ ಸೀಳು ಬಿಡುತ್ತದೆ. ಫೈಬರಿನೊಳಗೆ ಅದು ಉಬ್ಬಿ ಕುಗ್ಗಿದರೆ ಪದರವೂ ಬಿಡುತ್ತದೆ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆ ಅಡ್ಡ, ಮುಂದಿನದು ಉದ್ದ, ಸೀಳಲು ದಾರಿಯೇ ಇಲ್ಲ ಎಂದು ಅವರು ಹೇಳಿದ್ದು ಅಣ್ಣನಿಗೂ ಒಪ್ಪಿಗೆಯಾಯಿತು. ಹೆಬ್ಬಲಸಿನ ಹಲಗೆ ದೋಣಿಯ ಕೂರುವ ಅಡ್ಡಪಟ್ಟಿಯಾಯಿತು. ಹಿಂಬದಿಗೆ ಐಎಸ್ 710 ಗುರುತಿನ ಮೆರೈನ್ ಪ್ಲೈ ತಂದೆವು. ಅದರ ಅಂಟಿನ ಪರೀಕ್ಷೆ 72 ಗಂಟೆ ಕುದಿಯುವ ನೀರಿನಲ್ಲಿ. ಅಂಟು ಬಿಡದೆಂಬ ಭರವಸೆ ಆ ಗುರುತಿನಲ್ಲಿದೆ. ಹಾಗೆಂದು ತೂತಿನಿಂದ ನೀರು ಕುಡಿಸುತ್ತ ಹೋದರೆ ಯಾವ ಮರವೂ ಬಾಳದು.

ಕೆಲಸ ಮಳೆಗೆ ಮೊದಲೇ ಮುಗಿಯಬೇಕಿತ್ತು. ಗಾಳಿಯಲ್ಲಿ ತೇವ ಏರಿದರೆ ಮರವೂ ಒಣಗದು, ರೆಸಿನ್ನೂ ಸರಿಯಾಗಿ ಗಟ್ಟಿಯಾಗದು. ಕೊಳೆತದ್ದನ್ನು ಪೂರ್ತಿ ಕೆರೆದು ಒಣಗಲು ಬಿಟ್ಟರು. ಹಳೆಯ ಹಲಗೆಯ ಅಚ್ಚನ್ನು ರಟ್ಟಿನ ಮೇಲೆ ತೆಗೆದು, 18 ಮಿಲಿಮೀಟರಿನ ಎರಡು ಹಾಳೆ ಕೊಯ್ದು ಎಪಾಕ್ಸಿಯಿಂದ ಕೂಡಿಸಿದರು. ಎತ್ತರವನ್ನು ಇಂಜಿನ್ನಿಗೆ ಸರಿಯಾಗಿ ಅಳೆದರು: ಗಿಡ್ಡ ಶಾಫ್ಟಿಗೆ 15 ಇಂಚು, ಉದ್ದದ್ದಕ್ಕೆ 20. ಫ್ಯಾನಿನ ಮೇಲಿನ ಚಪ್ಪಟೆ ರೆಕ್ಕೆ ದೋಣಿಯ ತಳದ ಮಟ್ಟಕ್ಕೆ ಬರಬೇಕು. ಮೇಲಾದರೆ ಫ್ಯಾನು ಗಾಳಿ ಎಳೆದುಕೊಳ್ಳುತ್ತದೆ, ಬಹಳ ಕೆಳಗಾದರೆ ನೀರು ತಡೆದು ಎಣ್ಣೆ ಖರ್ಚಾಗುತ್ತದೆ.

ಅವರ ಕೆಲಸದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ತೂತು ಕೊರೆಯುವ ರೀತಿ. ಬೋಲ್ಟಿನಷ್ಟೇ ಅಗಲಕ್ಕೆ ಕೊರೆದು ಬೋಲ್ಟು ತೂರಿಸಿದ್ದರೆ ಅರ್ಧ ದಿನದ ಕೆಲಸ. ಆಚಾರ್ರು ಬೋಲ್ಟಿಗಿಂತ ಬಹಳ ದೊಡ್ಡ ತೂತು ಕೊರೆದರು. ಒಂದು ಬದಿಗೆ ಟೇಪು ಅಂಟಿಸಿ, ಎಪಾಕ್ಸಿಗೆ ಪುಡಿ ಬೆರೆಸಿ ಗಟ್ಟಿ ಪಾಕ ಮಾಡಿ ಆ ತೂತನ್ನು ಪೂರ್ತಿ ತುಂಬಿದರು. ಬೆಳಿಗ್ಗೆ ಬಿಸಿಲೇರುವ ಮೊದಲೇ ಮಾಡಿದರು; ಸೆಕೆಗೆ ಪಾಕ ಡಬ್ಬದಲ್ಲೇ ಕಲ್ಲಾಗುತ್ತದೆ. ಮರುದಿನ ಆ ಗಟ್ಟಿಯಾದ ತುಂಬಿನ ನಡುವೆ ಬೋಲ್ಟಿನಳತೆಗೆ ಮತ್ತೆ ಕೊರೆದರು. ಈಗ ಬೋಲ್ಟಿನ ಸುತ್ತ ಇರುವುದು ಎಪಾಕ್ಸಿ, ಮರಕ್ಕೆ ಬೋಲ್ಟು ತಾಗುವುದೇ ಇಲ್ಲ. ನೀರು ನುಗ್ಗಿದರೂ ಮರವನ್ನು ಮುಟ್ಟದು. ಬೂಚಿನ ತೂತಿಗೂ ಹಾಗೆಯೇ ಮಾಡಿದರು. ಮೇಲೆ ಫೈಬರ್ ಮ್ಯಾಟು ಹೊದೆಸಿದ ಮೇಲೆ ಇದಾವುದೂ ಹೊರಗೆ ಕಾಣದು. ಯಾರೂ ಅದನ್ನು ಕೇಳುವುದೂ ಇಲ್ಲ, ಅದಕ್ಕೆಂದು ಹೆಚ್ಚು ಕೊಡುವುದೂ ಇಲ್ಲ. ಆದರೂ ಅವರು ಒಂದು ತೂತನ್ನೂ ಬಿಡಲಿಲ್ಲ. ಒಳ್ಳೆಯ ಕೆಲಸಗಾರರ ಮೇಲೆ ನನಗಿರುವ ಗೌರವಕ್ಕೆ ಇಂಥ ಕಡೆಗಳಲ್ಲೇ ಬೇರಿದೆ. ಕಣ್ಣಿಗೆ ಬೀಳದ ಕಡೆಯೂ ಅವರ ಕೈ ಅಷ್ಟೇ ನೇರ.

ನಮ್ಮ ಜನ ಕಡಲ ದೈವ ಬೊಬ್ಬರ್ಯನಿಗೆ ಕೈಮುಗಿದು ಕಡಲಿಗಿಳಿಯುವವರು. ಮಲ್ಪೆಯ ವಡಭಾಂಡೇಶ್ವರದಲ್ಲಿ ಸಮುದ್ರಪೂಜೆಯ ದಿನ ಹಾಲೆರೆದು ತೆಂಗಿನಕಾಯಿ ಬಿಡುವುದನ್ನು ಕಂಡಾಗಲೆಲ್ಲ ಮನಸ್ಸು ತುಂಬುತ್ತದೆ. ಅದರ ಜೊತೆಗೆ ನಾನು ಬೇಡಿಕೊಳ್ಳುವುದು ಇಷ್ಟೇ. ವರ್ಷಕ್ಕೊಮ್ಮೆ, ಮಳೆಗೆ ಮೊದಲು, ಇಂಜಿನ್ ಇಳಿಸಿ ಹಲಗೆಯನ್ನು ಸುತ್ತಿಗೆಯಿಂದ ಬಡಿದು ದನಿ ಕೇಳಿ. ಬೋಲ್ಟು ಬಿಚ್ಚಿ, ಹಳೆಯ ಸೀಲೆಂಟ್ ತೆಗೆದು ಹೊಸದು ಹಾಕಿ. ಬೇಡದ ಸ್ಕ್ರೂ ತೂತುಗಳನ್ನು ಮುಚ್ಚಿ. ದೋಣಿ ದಡದಲ್ಲಿದ್ದಾಗ ಮುಂಬದಿಯನ್ನು ಎತ್ತರಿಸಿ, ಬೂಚು ತೆಗೆದು, ಮೇಲೊಂದು ಟಾರ್ಪಾಲು ಹೊದಿಸಿ. ಇಂಜಿನ್ನಿಗೂ ದೋಣಿಗೂ ನಡುವೆ ಒಂದು ಗಟ್ಟಿ ಹಗ್ಗ ಕಟ್ಟಿಡಿ. ಆ ಹಲಗೆಯನ್ನು ನಂಬಿ ಅಳಿವೆ ದಾಟುವವರು ನಮ್ಮ ಅಣ್ಣಂದಿರು, ಮಕ್ಕಳು. ತೆರೆಗಳ ನಡುವೆ ಇಂಜಿನ್ ಕಳಚಿಕೊಂಡರೆ ದೋಣಿ ಅಡ್ಡ ತಿರುಗಲು ಹೆಚ್ಚು ಹೊತ್ತು ಬೇಕಿಲ್ಲ. ಇಷ್ಟೆಲ್ಲ ನೋಡಿಕೊಳ್ಳಲು ವರ್ಷದಲ್ಲಿ ಒಂದು ಬೆಳಗ್ಗೆ ಸಾಕು. ಆ ಒಂದು ಬೆಳಗ್ಗೆಯನ್ನು ಪ್ರತಿ ದೋಣಿಗೂ ಕೊಡೋಣ.