ಬುಡಮೇಲು ಮಾಡಿ ನೋಡಿ

ಮನೆಗೆ ಬಂದವರು ಗಾಜಿನ ಬೀರುವಿನ ಮುಂದೆ ನಿಂತು ಮೊದಲು ಕೇಳುವ ಮಾತು, "ಮೇಷ್ಟ್ರೆ, ಇದ್ರಾಗೆ ಟೀ ಕಾಸ್ತೀರಾ?" ಕಾಸುವುದಿಲ್ಲ. ಟೀಪಾಟ್ ಒಲೆಯ ಮೇಲಿಡುವ ಪಾತ್ರೆಯಲ್ಲ. ಒಳಗೆ ಟೀ ಸೊಪ್ಪು ಹಾಕಿ, ಬೇರೆ ಕಡೆ ಕುದಿಸಿದ ನೀರು ಹೊಯ್ದು, ಸೊಪ್ಪು ಬಣ್ಣ ಬಿಡುವವರೆಗೆ ಮುಚ್ಚಿಡುವ ಗಿಂಡಿ ಅದು. ನನ್ನ ಹತ್ತಿರ ಅಂಥವು ಐದಿವೆ. ಐದೂ ಇಂಗ್ಲೆಂಡಿನವು, ಐದೂ ಬಿಳಿಯ ಮೇಲೆ ನೀಲಿ. ಒಂದೂ ಪೂರ್ತಿ ನೆಟ್ಟಗಿಲ್ಲ. ನೆಟ್ಟಗಿರುವುದನ್ನು ಕೊಳ್ಳುವಷ್ಟು ಪಿಂಚಣಿ ನನಗಿಲ್ಲ. ನೆಟ್ಟಗಿರುವುದರ ಆಸೆಯೂ ಈಗ ಉಳಿದಿಲ್ಲ.

ಮೊದಲನೆಯದು ಸಿಕ್ಕಿದ್ದು ಬಳ್ಳಾರಿಯ ಗುಜರಿ ಅಂಗಡಿಯಲ್ಲಿ. ನಮ್ಮೂರು ಮೊಳಕಾಲ್ಮೂರು ಅಂದರೆ ಹಳೇ ಮೈಸೂರು ಸೀಮೆ ಮದರಾಸು ಪ್ರಾಂತದೊಳಕ್ಕೆ ಚಾಚಿದ ಬೆರಳು. ಅತ್ತ ರಾಯದುರ್ಗ, ಇತ್ತ ಬಳ್ಳಾರಿ. ಬಳ್ಳಾರಿಯಲ್ಲಿ ದಂಡಿತ್ತು, ದಂಡಿನಲ್ಲಿ ದೊರೆಗಳಿದ್ದರು. ಆ ಕಾಲದಲ್ಲಿ ದೊರೆಗೆ ವರ್ಗವಾದರೆ ಮನೆಸಾಮಾನು ಹರಾಜಿಗೆ ಬರುತ್ತಿತ್ತು. ಕುರ್ಚಿ, ಗಡಿಯಾರ ಉಳ್ಳವರ ಮನೆ ಸೇರಿದರೆ, ಮುಚ್ಚಳ ಕಳೆದ ಪಿಂಗಾಣಿಯಂಥದ್ದು ಕೈಯಿಂದ ಕೈಗೆ ಇಳಿಯುತ್ತಾ ಕೊನೆಗೆ ತಗಡು, ಸೀಸೆಗಳ ನಡುವೆ ಬಂದು ಬೀಳುತ್ತದೆ. ನಾನು ಎತ್ತಿಕೊಂಡ ಗಿಂಡಿಯ ಹೊಟ್ಟೆಯೊಳಗೆ ತುಕ್ಕು ಹಿಡಿದ ಮೊಳೆಗಳಿದ್ದವು.

ತಂದು ತೊಳೆದಿಟ್ಟಾಗ ಅಮ್ಮ ದೂರದಿಂದಲೇ ನೋಡಿ, "ಎಲುಬಿನದಾ?" ಎಂದಳು. ಬೋನ್ ಚೈನಾ ಎಂಬುದರಲ್ಲಿ ಸುಮಾರು ಅರ್ಧದಷ್ಟು ದನದ ಮೂಳೆ ಸುಟ್ಟ ಬೂದಿ ಇರುತ್ತದೆಂದು ಅವಳಿಗೆ ಯಾರೋ ಹೇಳಿದ್ದರು, ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ನಾನು ತಂದದ್ದು ಅದಕ್ಕಿಂತ ಹಳೆಯ ಜಾತಿ. 1751ರಲ್ಲಿ ವುಸ್ಟರ್ ಊರಿನಲ್ಲಿ ಶುರುವಾದ ಕಾರ್ಖಾನೆಯವರು ಮಣ್ಣಿಗೆ ಬೆರೆಸಿದ್ದು ಬಳಪದ ಕಲ್ಲಿನ ಪುಡಿ. ಬೇಲೂರು, ಹಳೇಬೀಡಿನ ಗುಡಿಗಳ ಕಲ್ಲನ್ನು ನಾವು ಕರೆಯುವುದೂ ಆ ಹೆಸರಿನಿಂದಲೇ. ಆ ಕಾಲದ ಬೇರೆ ಎಷ್ಟೋ ಇಂಗ್ಲಿಷ್ ಪಿಂಗಾಣಿಗಳು ಕುದಿನೀರು ಬಿದ್ದೊಡನೆ ಚಿಟ್ಟೆಂದು ಸೀಳುತ್ತಿದ್ದರೆ ಬಳಪದ ಕಲ್ಲಿನವು ತಡೆದುಕೊಂಡವು, ವುಸ್ಟರ್ ಹೆಸರು ಮಾಡಿತು. ದೀಪಕ್ಕೆ ಅಡ್ಡ ಹಿಡಿದರೆ ಅದರ ಮೈಯಲ್ಲಿ ತೆಳು ಹಸಿರು ಬೆಳಕು ಹಾಯುತ್ತದೆ. ಅಮ್ಮನಿಗೆ ಹಾಗೆ ಹಿಡಿದು ತೋರಿಸಿದೆ. ಬೀರುವಿನಲ್ಲಿ ಜಾಗ ಸಿಕ್ಕಿತು.

ಇಷ್ಟು ಪುಟ್ಟದು ಯಾಕೆ ಎಂದೂ ಕೇಳುತ್ತಾರೆ. ಟೀ ಸೊಪ್ಪು ಆಗ ತುಟ್ಟಿ. ಅದರ ಮೇಲಿನ ತೆರಿಗೆಯೇ ನೂರಕ್ಕೆ 119ರಷ್ಟಿತ್ತು. 1784ರಲ್ಲಿ ಅದನ್ನು ಹನ್ನೆರಡೂವರೆಗೆ ಇಳಿಸಿದ ಮೇಲೆ ಸಾಮಾನ್ಯರ ಮನೆಗೂ ಟೀ ಧಾರಾಳವಾಗಿ ಬಂತು, ಗಿಂಡಿಯ ಹೊಟ್ಟೆಯೂ ಉಬ್ಬುತ್ತಾ ಹೋಯಿತು. ನನ್ನ ಐದನ್ನೂ ವಯಸ್ಸಿನ ಪ್ರಕಾರ ಸಾಲಾಗಿಟ್ಟರೆ ತೆರಿಗೆ ಇಳಿದ ಜಾಗ ಕಣ್ಣಿಗೇ ಕಾಣುತ್ತದೆ.

ಒಂದು ದಿನ ಪಕ್ಕದ ಬೀದಿಯ ನೇಕಾರರು ಬಂದಿದ್ದರು. ನಲವತ್ತು ವರ್ಷ ಗುಂಡಿಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯ್ದವರು. ದೊಡ್ಡ ಗಿಂಡಿಯೊಂದನ್ನು ಎತ್ತಿ ಒಂದು ಸುತ್ತು ತಿರುಗಿಸಿ, ಹಿಡಿಯ ಹತ್ತಿರ ಬೆರಳಿಟ್ಟು, "ಇಲ್ಲಿ ಜೋಡಣೆ ತಪ್ಪೈತೆ ನೋಡ್ರಿ. ಬಳ್ಳಿ ಈ ಕಡೆಯಿಂದ ಬಂದದ್ದು ಆ ಕಡೆ ಸೇರಿಲ್ಲ" ಎಂದರು. ಎಷ್ಟೋ ವರ್ಷ ಒರೆಸಿದ ನನ್ನ ಕೈಗೆ, ಕಣ್ಣಿಗೆ ಅದು ಸಿಕ್ಕಿರಲಿಲ್ಲ. ಆ ಬಳ್ಳಿ ಕುಂಚದಲ್ಲಿ ಬರೆದದ್ದಲ್ಲ, ಅಚ್ಚು. ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದು, ಕೋಬಾಲ್ಟಿನ ನೀಲಿ ತುಂಬಿ, ತೆಳು ಕಾಗದಕ್ಕೆ ಎತ್ತಿಕೊಂಡು, ಒಮ್ಮೆ ಸುಟ್ಟ ಬರಿಮೈ ಗಿಂಡಿಗೆ ಅಂಟಿಸಿ ಉಜ್ಜುತ್ತಾರೆ. ಮೇಲೆ ಗಾಜಿನ ಲೇಪ ಕೊಟ್ಟು ಮತ್ತೆ ಸುಡುತ್ತಾರೆ. ನೀಲಿ ಲೇಪದ ಕೆಳಗೆ ಸೇರಿಬಿಡುವುದರಿಂದ ಇನ್ನೂರು ವರ್ಷ ಉಜ್ಜಿದರೂ ಮಾಸುವುದಿಲ್ಲ. ಕಾಗದದ ಎರಡು ಅಂಚು ಸೇರುವ ಕಡೆ ಮಾತ್ರ ಕೆಲಸಗಾರರ ಕೈ ಕೊಂಚ ತಪ್ಪುತ್ತದೆ. ನೇಕಾರರು ಹಿಡಿದದ್ದು ಆ ತಪ್ಪನ್ನು. ಆಮೇಲೆ ಅವರು ಮಾಡಿದ ಕೆಲಸ ನನಗೆ ಇನ್ನೂ ಹಿಡಿಸಿತು: ಸೀರೆಯ ಹಿಂಬದಿ ನೋಡುವವರ ಹಾಗೆ ಗಿಂಡಿಯನ್ನು ಬುಡಮೇಲು ಮಾಡಿದರು.

ಗಿಂಡಿಯ ಕಥೆ ಇರುವುದೇ ಅಲ್ಲಿ. ವುಸ್ಟರಿನ ಬುಡದಲ್ಲಿ ಹಲವು ಸಲ ಬಿದಿಗೆಯ ಚಂದ್ರನಂಥ ನೀಲಿ ಗುರುತು ಇರುತ್ತದೆ. ಕಾಫ್ಲಿ ಕಾರ್ಖಾನೆಯವರ 'ಸಿ' ಅಕ್ಷರವೂ ಹೆಚ್ಚುಕಡಿಮೆ ಅದೇ ಚಂದ್ರ. ಲೋಸ್ಟಾಫ್ಟಿನವರಂತೂ ಚಂದ್ರನನ್ನೇ ನಕಲು ಮಾಡಿದರು. ಬುಡದಲ್ಲಿ 'ಇಂಗ್ಲೆಂಡ್' ಎಂಬ ಅಚ್ಚು ಇದ್ದರೆ ಅದು 1891ರ ಈಚಿನದೆಂದು ತಿಳಿಯಬಹುದು. ಬರುವ ಸರಕಿನ ಮೇಲೆ ಅದರ ದೇಶದ ಹೆಸರು ಇರಬೇಕೆಂಬ ಅಮೆರಿಕದ ಕಾನೂನು ಆ ವರ್ಷ ಜಾರಿಗೆ ಬಂತು.

ಗುರುತು ಎಂದೊಡನೆ ನಮ್ಮ ತಾಲ್ಲೂಕಿನ ಚಪಡನನ್ನು ನೆನೆಯದೆ ಇರಲಾರೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. ಕೊನೆಯಲ್ಲಿ ಚಪಡ ತನ್ನ ಹೆಸರು ಹೇಳಿಕೊಂಡು, 'ಲಿಪಿಕಾರ' ಎಂಬ ಒಂದು ಮಾತನ್ನು ಮಾತ್ರ ವಾಯವ್ಯದ ಗಾಂಧಾರ ಸೀಮೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಸಾಮ್ರಾಟನ ಆಜ್ಞೆಯ ಬುಡದಲ್ಲಿ ಒಬ್ಬ ಕೆಲಸಗಾರನ ಕೈಗುರುತು. ನನ್ನ ನೀಲಿ ಚಂದ್ರ ಅದರ ಮುಂದೆ ನಿನ್ನೆಯದು.

ಅದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ್ದು ಹೊನ್ನಿಗಲ್ಲ, ಬೋಕಿಗಳಿಗೆ. ಎರಡು ವರ್ಷ ಮೊದಲು ಪುದುಚೇರಿಯ ಹತ್ತಿರ ಅರಿಕಮೇಡಿನಲ್ಲಿ ಅವರಿಗೆ ಇಟಲಿಯ ಕೆಂಪು ಬಟ್ಟಲುಗಳ ಚೂರು ಸಿಕ್ಕಿದ್ದವು. ಇಟಲಿಯ ಮಾಲಿನ ಕಾಲ ಗೊತ್ತಿದ್ದದ್ದೇ. ಅದರ ಜೊತೆಯಲ್ಲೇ, ಒಳಬುಡದಲ್ಲಿ ಹಲ್ಲುಗಾಲಿ ಉರುಳಿಸಿ ಗೀಟು ಮೂಡಿಸಿದ ತಟ್ಟೆಗಳೂ ಇದ್ದವು. ಅಂಥದೇ ಗೀಟಿನ ತಟ್ಟೆ ಬ್ರಹ್ಮಗಿರಿಯಲ್ಲೂ ಕಂಡಾಗ ಇಲ್ಲಿನ ಮಣ್ಣಿನ ಪದರಗಳಿಗೆ ಒಂದು ಕಾಲದ ಗೂಟ ಸಿಕ್ಕಿತು. ಅವರ ಲೆಕ್ಕವನ್ನು ಆಮೇಲಿನವರು ಹಿಂದಕ್ಕೆ ಸರಿಸಿ ತಿದ್ದಿದ್ದಾರೆ. ದಾರಿ ಮಾತ್ರ ಅದೇ. ಹಡಗು ಹತ್ತಿ ಬಂದ ಬಟ್ಟಲು ನಮ್ಮೂರ ಮಡಕೆಯ ವಯಸ್ಸು ಹೇಳಲು ನೆರವಾಯಿತು! ಮೊಳಕಾಲ್ಮೂರಿನಲ್ಲಿ ಕೂತು ಇಂಗ್ಲಿಷರ ಗಿಂಡಿ ಯಾಕೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಈಗಲೂ ಮಳೆ ಬಿದ್ದ ಮೇಲೆ ಆ ಕಡೆಯ ಹೊಲಗಳಲ್ಲಿ ಬೋಕಿ ಮೇಲೇಳುತ್ತವೆ. ಎತ್ತಿ, ತಿರುಗಿಸಿ ನೋಡಿ, ಇದ್ದಲ್ಲೇ ಇಟ್ಟು ಬರುತ್ತೇನೆ.

ಒಮ್ಮೆ ದೂರದ ಊರಿನ ಅಂಗಡಿಯೊಂದರಲ್ಲಿ ಮೋಸ ಹೋದೆ. ಮೂತಿ ಮುರಿದದ್ದನ್ನು ಅಂಟಿನಿಂದ ಕೂಡಿಸಿ, ಮೇಲೆ ನೀಲಿ ಬಳಿದು ಕೊಟ್ಟಿದ್ದರು. ಅಂದಿನಿಂದ ನೋಟು ಪರೀಕ್ಷಿಸುವ ನೇರಳೆ ದೀಪ ಜೇಬಿನಲ್ಲೇ ಇರುತ್ತದೆ. ಅದರ ಬೆಳಕಿನಲ್ಲಿ ಹೊಸ ಅಂಟು, ಹೊಸ ಬಣ್ಣ ಬೇರೆಯಾಗಿ ಹೊಳೆಯುತ್ತವೆ. ಅದಕ್ಕೂ ಮೊದಲು, ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರ ಹಾಗೆ, ಬೆರಳ ಗೆಣ್ಣಿನಿಂದ ಬಾರಿಸಿ ಕಿವಿಗೊಡುತ್ತೇನೆ. ಬಿರುಕಿದ್ದರೆ ದನಿ ಏಳುವುದಿಲ್ಲ.

ವುಸ್ಟರಿನ ಗಿಂಡಿಗೆ ಇನ್ನೂ ಮುಚ್ಚಳವಿಲ್ಲ. ಬಾಯಿಯ ಅಳತೆಗೆ ರಟ್ಟು ಕತ್ತರಿಸಿ ಬಳ್ಳಾರಿಯ ಗುಜರಿಯವರಿಗೆ ಕೊಟ್ಟುಬಂದಿದ್ದೇನೆ. ಮುಚ್ಚಳದಲ್ಲಿ ಗಾಳಿಯಾಡಲು ಸೂಜಿತೂತು ಇರುತ್ತದೆ, ನಡುವೆ ಮೊಗ್ಗಿನಂಥ ಹಿಡಿ ಇದ್ದರೂ ಇರಬಹುದು ಎಂದು ಹೇಳಿದ್ದೇನೆ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ವಿಚಾರಿಸುತ್ತೇನೆ. ರಟ್ಟು ಅವರ ಗಲ್ಲಾಪೆಟ್ಟಿಗೆಯ ಮೇಲೆ ಮೊಳೆಗೆ ನೇತಾಡುತ್ತಿದೆ.