ಅಬಿಂಗ್ಡನ್ನಿನ ಹಳೆಯ ಕಾರು

ಕಳೆದ ಬೇಸಗೆ ರಜೆಯಲ್ಲಿ ನಾನೂ ನನ್ನ ಮನೆಯವಳೂ ಇಂಗ್ಲೆಂಡಿಗೆ ಹೋಗಿ ಬಂದೆವು. ಲಂಡನ್ನಿನ ಗಡಿಯಾರ ಗೋಪುರ, ಅರಮನೆ, ವಸ್ತುಸಂಗ್ರಹಾಲಯಗಳ ವರ್ಣನೆಯನ್ನು ವಾಚಕರು ಅನೇಕ ಬಾರಿ ಓದಿರುವಿರಿ. ಅದನ್ನೇ ಪುನಃ ಬರೆಯುವುದು ನನ್ನ ಉದ್ದೇಶವಲ್ಲ. ನಾನು ಬರೆಯಹೊರಟಿರುವುದು ಅಬಿಂಗ್ಡನ್ ಎಂಬ ಚಿಕ್ಕ ಪೇಟೆಯ ವಿಷಯ ಮತ್ತು ಅಲ್ಲಿ ಕಂಡ ಒಂದು ಹಳೆಯ ಕಾರಿನ ವಿಷಯ. ಹಳ್ಳಿ ಶಾಲೆಯ ಮುಖ್ಯೋಪಾಧ್ಯಾಯನಿಗೂ ಸ್ಪೋರ್ಟ್ಸ್ ಕಾರಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಮೊದಲು ನಾನೂ ಹಾಗೆಯೇ ಕೇಳಿಕೊಂಡಿದ್ದೆನು.

ಹೊರಡುವಾಗ ನನ್ನ ಮನಸ್ಸು ಹಗುರವಾಗಿರಲಿಲ್ಲ. ನಮ್ಮದು ಕಾಸರಗೋಡಿನ ಒಳನಾಡಿನ ಒಂದು ಕನ್ನಡ ಮಾಧ್ಯಮ ಶಾಲೆ. ಹಿಂದಿನ ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಸೇರಿದವರು ಏಳೇ ಮಕ್ಕಳು. ದೂರದ ಮಕ್ಕಳನ್ನು ಕರೆತರಲು ವ್ಯಾನು ಬೇಕು, ದಿನಕ್ಕೊಂದು ಅವಧಿ ಇಂಗ್ಲಿಷ್ ಮಾತುಗಾರಿಕೆಗೆ ಮೀಸಲಾಗಬೇಕು ಎಂದು ರಕ್ಷಕ-ಶಿಕ್ಷಕ ಸಂಘದವರು ಒತ್ತಾಯಿಸಿದ್ದರು. "ನಮ್ಮ ಹಿರಿಯರು ಕಟ್ಟಿದ ಶಾಲೆ, ಇದ್ದ ಹಾಗೆಯೇ ಇರಲಿ" ಎಂದು ಹೇಳಿ ನಾನು ಸಭೆಯಿಂದ ಎದ್ದು ಬಂದಿದ್ದೆನು. ನಿವೃತ್ತಿಗೆ ಇನ್ನೊಂದೇ ವರ್ಷ ಉಳಿದಿದ್ದ ನನಗೆ ಶಾಲೆಯನ್ನು ಇನ್ನೊಂದಾಗಿ ಮಾಡಿ ಹೋಗುವ ಮನಸ್ಸಿರಲಿಲ್ಲ.

ಅಬಿಂಗ್ಡನ್ ಇರುವುದು ಆಕ್ಸ್‌ಫರ್ಡಿನಿಂದ ದಕ್ಷಿಣಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿ, ಥೇಮ್ಸ್ ನದಿಯ ತೀರದಲ್ಲಿ. ನನ್ನ ಮಗನ ಸಂಸಾರ ಅಲ್ಲಿದೆ. ಹದಿನೈದನೆಯ ಶತಮಾನದಲ್ಲಿ ಮೊದಲು ಕಟ್ಟಲಾದ ಕಲ್ಲಿನ ಸೇತುವೆ, ನದಿಯ ದಂಡೆಯಲ್ಲಿ ಎತ್ತರದ ಶಿಖರದ ಸೇಂಟ್ ಹೆಲೆನ್ಸ್ ಇಗರ್ಜಿ, ಮಾರುಕಟ್ಟೆಯ ಬಯಲಿನ ಅಂಚಿನಲ್ಲಿ ಕೌಂಟಿ ಹಾಲ್ ಎಂಬ ಭವ್ಯವಾದ ಕಟ್ಟಡ. 1678ರಿಂದ 1682ರವರೆಗೆ ಕಟ್ಟಿದ ಈ ಕಟ್ಟಡವು ಆ ಕಾಲದ ಬರ್ಕ್‌ಷೈರ್ ಕೌಂಟಿಯ ನ್ಯಾಯಸ್ಥಾನವಾಗಿತ್ತು. ಕೌಂಟಿಯೆಂದರೆ ನಮ್ಮಲ್ಲಿಯ ಜಿಲ್ಲೆಯಿದ್ದಂತೆ. ಆದರೆ ಇಂದು ಅಬಿಂಗ್ಡನ್ ಬರ್ಕ್‌ಷೈರಿನಲ್ಲಿಲ್ಲ. 1974ರಲ್ಲಿ ಗಡಿಗಳನ್ನು ಪುನಃ ಗುರುತಿಸಿದಾಗ ಅದನ್ನು ಆಕ್ಸ್‌ಫರ್ಡ್‌ಷೈರಿಗೆ ಸೇರಿಸಲಾಯಿತು.

"ನಾನು ಮನೆ ಬದಲಾಯಿಸಲಿಲ್ಲ, ಕೌಂಟಿಯೇ ಬದಲಾಯಿತು" ಎಂದು ಮಗನ ನೆರೆಮನೆಯ ಹಿರಿಯರೊಬ್ಬರು ನಗುತ್ತ ಹೇಳಿದರು. ನನಗೆ ನನ್ನ ತಂದೆಯವರ ನೆನಪಾಯಿತು. 1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳವನ್ನು ಸೇರಿದಾಗ ಅವರೂ ಮನೆಯಂಗಳದಿಂದ ಕದಲದೆಯೇ ರಾಜ್ಯವನ್ನು ಬದಲಾಯಿಸಿದವರು. ಇದನ್ನು ವಿವರಿಸಿದಾಗ ಆ ಹಿರಿಯರು ನನ್ನ ಕೈಕುಲುಕಿದರು. ನಮ್ಮ ಸ್ನೇಹ ಅಂದಿನಿಂದ ಮೊದಲಾಯಿತು.

ಅವರ ಪರಿಚಯದಿಂದಲೇ ಕಾರಿನ ಕಥೆಯೂ ಆರಂಭವಾಗುತ್ತದೆ. ನನ್ನ ಮಗನು ಎರಡು ವರ್ಷಗಳ ಹಿಂದೆ 1975ರ ಒಂದು ಎಂಜಿಬಿ ಕಾರನ್ನು ಕೊಂಡಿದ್ದನು. ಇಬ್ಬರೇ ಕುಳಿತುಕೊಳ್ಳಬಹುದಾದ, ಮೇಲ್ಛಾವಣಿಯನ್ನು ಮಡಚಬಹುದಾದ ಪುಟ್ಟ ಕಾರು. ದುಡಿದ ಹಣವನ್ನು ಹಳೆಯ ಕಬ್ಬಿಣಕ್ಕೆ ಸುರಿದನಲ್ಲಾ ಎಂದು ನನಗೆ ಒಳಗೊಳಗೇ ಅಸಮಾಧಾನವಿತ್ತು. ಅಲ್ಲಿಗೆ ಹೋದ ಮೇಲೆ ಇನ್ನೊಂದು ಸಂಗತಿ ತಿಳಿಯಿತು. ಮಾರ್ಚ್ ತಿಂಗಳ ಒಂದು ಮಳೆಯ ಸಂಜೆ ಸೊಸೆಯನ್ನು ರೈಲು ನಿಲ್ದಾಣದಿಂದ ಕರೆತರುತ್ತಿದ್ದಾಗ, ತಿರುವೊಂದರಲ್ಲಿ ಕಾರಿನ ಹಿಂಭಾಗ ಜಾರಿ, ಗಾಡಿ ಅಡ್ಡಲಾಗಿ ರಸ್ತೆಯ ಆಚೆ ಬದಿಗೆ ಹೋಗಿ ನಿಂತಿತ್ತು. ಎದುರಿನಿಂದ ಯಾವ ವಾಹನವೂ ಬಾರದುದು ದೈವಕೃಪೆ. ಅಂದಿನಿಂದ ಸೊಸೆ ಆ ಕಾರನ್ನು ಹತ್ತಿರಲಿಲ್ಲ. "ಮಾವ, ನೀವಾದರೂ ಹೇಳಿ, ಅದನ್ನು ಮಾರಲಿ" ಎಂದು ಅವಳು ನನ್ನಲ್ಲಿ ಹೇಳಿದಳು. ಮಗನು ಮಾತನಾಡಲಿಲ್ಲ. ಕಾರು ಎರಡು ತಿಂಗಳಿನಿಂದ ಹೊದಿಕೆಯ ಅಡಿಯಲ್ಲಿ ನಿಂತಿತ್ತು.

ಈ ಎಂಜಿ ಕಾರುಗಳ ತವರೂರೇ ಅಬಿಂಗ್ಡನ್. ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ ಎಂಬ ಸಂಸ್ಥೆಯ ಮೊದಲ ಅಕ್ಷರಗಳೇ ಎಂ ಮತ್ತು ಜಿ. ಅದರ ವ್ಯವಸ್ಥಾಪಕರಾಗಿದ್ದ ಸೆಸಿಲ್ ಕಿಂಬರ್ ಎಂಬವರು ಸಾಧಾರಣ ಮಾರಿಸ್ ಕಾರುಗಳನ್ನು ಮಾರ್ಪಡಿಸಿ ಚುರುಕಾದ ಕಾರುಗಳನ್ನು ಮಾಡತೊಡಗಿದರು. 1929ರಲ್ಲಿ ಕಾರ್ಖಾನೆ ಅಬಿಂಗ್ಡನ್ನಿಗೆ ಬಂದಿತು. 'ಸೇಫ್ಟಿ ಫಸ್ಟ್' ಎಂಬ ಮಾತನ್ನು ಚಮತ್ಕಾರವಾಗಿ ತಿರುಗಿಸಿ 'ಸೇಫ್ಟಿ ಫಾಸ್ಟ್' ಎಂಬುದನ್ನು ಅವರು ಘೋಷವಾಕ್ಯವಾಗಿಸಿದರು. ವೇಗವೂ ಇರಲಿ, ಕ್ಷೇಮವೂ ಇರಲಿ ಎಂಬುದು ಅದರ ಭಾವ. 1962ರಲ್ಲಿ ಹೊರಬಂದ ಎಂಜಿಬಿ ಐದು ಲಕ್ಷಕ್ಕೂ ಮಿಕ್ಕಿ ತಯಾರಾಯಿತು. 1980ರ ಅಕ್ಟೋಬರಿನಲ್ಲಿ ಕಾರ್ಖಾನೆ ಮುಚ್ಚಿತು. ಎಂಜಿ ಕ್ಲಬ್ಬಿನ ಕಛೇರಿಯು ಮಾತ್ರ ಕಿಂಬರರ ಹೆಸರನ್ನು ಹೊತ್ತು ಅದೇ ಊರಿನಲ್ಲಿದೆ. ಕೌಂಟಿ ಹಾಲ್ ಇಂದು ವಸ್ತುಸಂಗ್ರಹಾಲಯ. ಅಲ್ಲಿಯೂ ಒಂದು ಎಂಜಿಬಿ ಕಾರನ್ನು ಇರಿಸಿದ್ದಾರೆ. ಎಂಜಿ ಎಂಬ ಹೆಸರು ಈಗ ಚೀನಾದ ಕಂಪನಿಯ ಕೈಸೇರಿದೆ. 2019ರಿಂದ ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗಿ ನಮ್ಮ ರಸ್ತೆಗಳಲ್ಲಿ ಓಡುತ್ತಿರುವ ಎಂಜಿ ಕಾರುಗಳ ಮೂತಿಯ ಮೇಲಿರುವುದು ಅದೇ ಹಳೆಯ ಅಷ್ಟಕೋನದ ಲಾಂಛನ.

ನೆರೆಮನೆಯ ಹಿರಿಯರು 1976ರಲ್ಲಿ ಹದಿನಾರನೆಯ ವಯಸ್ಸಿಗೆ ಆ ಕಾರ್ಖಾನೆಯನ್ನು ಸೇರಿ, ಮುಚ್ಚುವವರೆಗೆ ದುಡಿದವರು. ಕಾರು ಜಾರಿದ ಕಥೆಯನ್ನು ಕೇಳಿ ಅವರು ತಲೆಯಾಡಿಸಿದರು. "ತಪ್ಪು ನಿಮ್ಮ ಮಗನೊಬ್ಬನದಲ್ಲ, ಹೆಡ್‌ಮಾಸ್ಟರರೇ. ಈ ಕಾರಿಗೆ ಹುಟ್ಟುವಾಗಲೇ ಸಮತೋಲ ತಪ್ಪಿದೆ" ಎಂದರು.

ಅವರು ವಿವರಿಸಿದುದು ಹೀಗೆ. ಈ ಕಾರುಗಳ ದೊಡ್ಡ ಮಾರುಕಟ್ಟೆ ಅಮೆರಿಕ. ಮುಂದಿನ ದೀಪಗಳು ನೆಲದಿಂದ ಇಂತಿಷ್ಟು ಎತ್ತರದಲ್ಲಿರಬೇಕು, ಬಂಪರು ಸಣ್ಣ ಡಿಕ್ಕಿಯನ್ನು ತಾಳಿಕೊಳ್ಳಬೇಕು ಎಂದು ಅಲ್ಲಿ ಕಾನೂನು ಬಂದಿತು. ಹೊಸ ವಿನ್ಯಾಸಕ್ಕೆ ಹಣ ಹಾಕುವ ಬದಲು ಕಂಪನಿಯು 1974ರ ಕೊನೆಯ ಭಾಗದಲ್ಲಿ ಭಾರವಾದ ಕಪ್ಪು ರಬ್ಬರ್ ಬಂಪರುಗಳನ್ನು ಜೋಡಿಸಿ, ಇಡೀ ಕಾರನ್ನು ಒಂದಂಗುಲಕ್ಕೂ ಮಿಕ್ಕಿ ಮೇಲೆತ್ತಿತು. ಸಾಲದುದಕ್ಕೆ ಖರ್ಚು ಉಳಿಸಲೆಂದು ಆ ವರ್ಷದ ಕಾರುಗಳಿಂದ ಮುಂದಿನ ಆಂಟಿ-ರೋಲ್ ಬಾರನ್ನೂ ತೆಗೆದುಹಾಕಿತು. ಎಡಬಲದ ಚಕ್ರಗಳ ಜೋಡಣೆಗಳನ್ನು ಒಂದಕ್ಕೊಂದು ಬೆಸೆಯುವ ಉಕ್ಕಿನ ಸರಳು ಅದು. ತಿರುವಿನಲ್ಲಿ ಕಾರು ಒಂದು ಬದಿಗೆ ವಾಲುವಾಗ ಸರಳು ತಿರುಚಿಕೊಂಡು, ಆ ವಾಲುವಿಕೆಯನ್ನು ತಡೆಯುತ್ತದೆ. 1977ರ ಮಾದರಿಯ ಹೊತ್ತಿಗೆ ಕಂಪನಿಯೇ ಎಚ್ಚೆತ್ತು ಮುಂದೆಯೂ ಹಿಂದೆಯೂ ಸರಳುಗಳನ್ನು ಕೊಟ್ಟಿತು. ನಡುವಣ ಕಾಲದ ಕಾರುಗಳು ಮಾತ್ರ ಹಾಗೆಯೇ ಉಳಿದವು.

ಒಂದಂಗುಲದಿಂದ ಏನಾದೀತೆಂದು ಕೇಳುವವರು ನಮ್ಮ ತೆಂಕುತಿಟ್ಟಿನ ವೇಷಧಾರಿಯನ್ನು ನೆನೆಯಬೇಕು. ಧೀಂಗಿಣ ಹಾಕುವವನು ಮಂಡಿ ಬಗ್ಗಿಸಿ ಮೈಯನ್ನು ತಗ್ಗಿಸಿಯೇ ನೆಲಕ್ಕೆ ಇಳಿಯುತ್ತಾನೆ. ನೆಟ್ಟಗೆ ನಿಂತರೆ ಬೀಳುತ್ತಾನೆ. ಮಾಡಿನ ಮೇಲೆ ಮೂಟೆ ಹೇರಿದ ಬಸ್ಸು ಘಾಟಿಯ ತಿರುವಿನಲ್ಲಿ ವಾಲುವುದೂ ಇದೇ ಕಾರಣದಿಂದ. ಗುರುತ್ವ ಕೇಂದ್ರ ಮೇಲೇರಿದಷ್ಟೂ ಸಮತೋಲ ಕಡಿಮೆ. ಮೂವತ್ತು ವರ್ಷಗಳಿಂದ ಕಪ್ಪು ಹಲಗೆಯ ಮೇಲೆ ಬರೆದುದನ್ನು ನಾನು ಅಂದು ಕಣ್ಣಾರೆ ಕಂಡೆನು.

"ಮಾರುವುದಿದ್ದರೂ ಸರಿಪಡಿಸದೆ ಮಾರಬಾರದು, ಕೊಂಡವನೂ ಒಬ್ಬ ತಾಯಿಯ ಮಗನೇ" ಎಂದು ನನ್ನ ಮನೆಯವಳು ಹೇಳಿದ ಮಾತಿನಿಂದ ಕೆಲಸಕ್ಕೆ ಒಪ್ಪಿಗೆ ಸಿಕ್ಕಿತು. ಮೂರು ವಾರಾಂತ್ಯಗಳಲ್ಲಿ ಕೆಲಸ ನಡೆಯಿತು. ನಾನು ದೀಪ ಹಿಡಿಯುವವನು, ಸ್ಪ್ಯಾನರ್ ಎತ್ತಿಕೊಡುವವನು.

ಮಗನಿಗೆ ಆತುರ. ಅತ್ಯಂತ ದಪ್ಪದ ಸರಳು, ಅತ್ಯಂತ ಬಿಗಿಯಾದ ಸ್ಪ್ರಿಂಗು, ಹೊಸ ಬಗೆಯ ಶಾಕ್ ಅಬ್ಸಾರ್ಬರುಗಳು ಎಲ್ಲವನ್ನೂ ಒಂದೇ ದಿನ ತರಿಸಲು ಹೊರಟಿದ್ದನು. ಹಿರಿಯರು ತಡೆದರು. "ಮೊದಲು ಸವೆದುದನ್ನು ಸರಿಪಡಿಸೋಣ. ಆಮೇಲೆ ಕಳೆದುಹೋದುದನ್ನು ಹಿಂದಕ್ಕೆ ತರೋಣ. ಉತ್ತಮಪಡಿಸುವುದು ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ."

ಮೊದಲು ನೋಡಿದುದು ಟಯರುಗಳನ್ನು. ಟಯರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ತಯಾರಾದ ವಾರವನ್ನು, ಕೊನೆಯ ಎರಡು ವರ್ಷವನ್ನು ತಿಳಿಸುತ್ತವೆ. ಮಗನ ಕಾರಿನಲ್ಲಿದ್ದುದು 2309. ಎಂದರೆ 2009ನೆಯ ಇಸವಿಯ 23ನೆಯ ವಾರ. ಗೆರೆಗಳು ಸವೆಯದಿದ್ದರೂ ರಬ್ಬರು ಮುಪ್ಪಾಗಿ ಗಟ್ಟಿಯಾಗಿತ್ತು. ಒದ್ದೆ ರಸ್ತೆಯನ್ನು ಅದು ಹಿಡಿಯದು. ವಾಚಕರೂ ತಮ್ಮ ವಾಹನಗಳ ಟಯರುಗಳಲ್ಲಿ ಈ ಅಂಕಿಗಳನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಹೊಸ ಟಯರು ಹಾಕಿ ಗಾಳಿಯನ್ನು ಸರಿಯಾಗಿ ತುಂಬಿದೊಡನೆ ಅರ್ಧ ದೋಷ ನಿವಾರಣೆಯಾಯಿತು.

ಅನಂತರ ಮುಂದಿನ ಚಕ್ರಗಳ ಕಿಂಗ್‌ಪಿನ್ನುಗಳಿಗೆ ಗ್ರೀಸು ತುಂಬಿದರು. ತೋಳುಗಳ ಬುಡದಲ್ಲಿದ್ದ ರಬ್ಬರ್ ಬುಷ್ಷುಗಳು ಜಜ್ಜಿಹೋಗಿದ್ದವು. ಅವುಗಳ ಬದಲಿಗೆ ಹೆಚ್ಚು ಗಟ್ಟಿಯಾದವನ್ನು ಕೂರಿಸಿದರು. ಈ ಕಾರಿನ ಶಾಕ್ ಅಬ್ಸಾರ್ಬರುಗಳು ಹಳೆಯ ಕಾಲದ ಸನ್ನೆಯ ಮಾದರಿಯವು. ಮುಂಭಾಗದಲ್ಲಂತೂ ಆ ಸನ್ನೆಯೇ ಚಕ್ರವನ್ನು ಹಿಡಿದಿಡುವ ಮೇಲಿನ ತೋಳೂ ಆಗಿರುತ್ತದೆ. ಅವನ್ನು ಎಸೆಯದೆ, ದುರಸ್ತಿಗೊಳಿಸಿ, ಹೊಸ ಎಣ್ಣೆ ತುಂಬಿದರು.

ಎರಡನೆಯ ವಾರ ಎತ್ತರವನ್ನು ಇಳಿಸಿದರು. ಮುಂದೆ ಗಿಡ್ಡ ಸ್ಪ್ರಿಂಗುಗಳನ್ನು ಹಾಕಿ, ಹಿಂದೆ ಆಕ್ಸೆಲಿಗೂ ಪ್ಲೇಟ್ ಸ್ಪ್ರಿಂಗಿಗೂ ನಡುವೆ ಲೋಹದ ತುಂಡುಗಳನ್ನು ಇರಿಸಿ, ಕಾರನ್ನು 1974ಕ್ಕೆ ಮುಂಚಿನ ಮಟ್ಟಕ್ಕೆ ತಂದರು. ಮೂರನೆಯ ವಾರ ಮುಂದಿನ ಸರಳನ್ನು ಜೋಡಿಸಿದರು. ಮೊದಲು ಇರುತ್ತಿದ್ದುದಕ್ಕಿಂತ ತುಸು ದಪ್ಪ, ಅಷ್ಟೆ. "ಬಿಗಿಯಾಗಿರುವುದೇ ಗುಣವಲ್ಲ. ತೀರಾ ಬಿಗಿಯಾದರೆ ಉಬ್ಬುತಗ್ಗಿನ ರಸ್ತೆಯಲ್ಲಿ ಚಕ್ರ ನೆಲವನ್ನು ಬಿಟ್ಟು ಹಾರುತ್ತದೆ. ನೆಲ ಬಿಟ್ಟ ಚಕ್ರದಿಂದ ಏನು ಪ್ರಯೋಜನ?" ಎಂದರು ಹಿರಿಯರು. ಕೊನೆಗೆ ಚಕ್ರಗಳ ಅಲೈನ್‌ಮೆಂಟನ್ನು ಸರಿಪಡಿಸಿದರು. ಪ್ರತಿಯೊಂದು ಬದಲಾವಣೆಯ ನಂತರವೂ ಮಗನನ್ನು ಅದೇ ರಸ್ತೆಯಲ್ಲಿ ಓಡಿಸಿ, ಬಂದ ಮೇಲೆ ಏನು ವ್ಯತ್ಯಾಸವಾಯಿತೆಂದು ಕೇಳುತ್ತಿದ್ದರು. ಒಳ್ಳೆಯ ಉಪಾಧ್ಯಾಯರ ಲಕ್ಷಣ!

ಒಂದು ಸಂಜೆ ಚಹಾ ಕುಡಿಯುವಾಗ ನನ್ನ ಸಂಶಯವನ್ನು ಮುಂದಿಟ್ಟೆನು. "ಇಷ್ಟೆಲ್ಲ ಬದಲಾಯಿಸಿದ ಮೇಲೆ ಇದು ಅದೇ ಕಾರೇ?" ಅವರು ಕಾನೂನಿನ ಮಾತನ್ನೇ ಹೇಳಿದರು. ಆ ದೇಶದಲ್ಲಿ 2018ರಿಂದ, 40 ವರ್ಷ ದಾಟಿದ ಕಾರುಗಳಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿಯುಂಟು. ಆದರೆ ಅವುಗಳ ಮೂಲ ರಚನೆ ಗಣನೀಯವಾಗಿ ಬದಲಾಗಿರಬಾರದು. "ಬಾಗಿಲು, ಮೈ, ಇಂಜಿನ್ನು, ಸನ್ನೆಗಳು ಎಲ್ಲವೂ ಅದರವೇ. ರಸ್ತೆಯ ಮೇಲೆ ನಿಲ್ಲಲು ಬೇಕಾದುದನ್ನಷ್ಟೇ ನಾವು ಕೊಟ್ಟೆವು. ಏನೂ ಬದಲಾಯಿಸದಿದ್ದರೆ ಅದು ಹೊದಿಕೆಯ ಅಡಿಯಲ್ಲೇ ಇರುತ್ತದೆ. ವಿನಾಯಿತಿಯಿದ್ದರೂ ನಾನು ನನ್ನ ಕಾರನ್ನು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ಯುತ್ತೇನೆ" ಎಂದರು.

ನಾವು ಊರಿಗೆ ಮರಳುವ ಹಿಂದಿನ ಭಾನುವಾರ ಅಫಿಂಗ್ಟನ್ ಎಂಬಲ್ಲಿನ ಬಿಳಿಕುದುರೆಯ ಗುಡ್ಡಕ್ಕೆ ಹೋದೆವು. ಮಗನು ಎಂಜಿಬಿಯನ್ನು ನಡೆಸಿದನು, ಪಕ್ಕದಲ್ಲಿ ನಾನು. ಸೊಸೆ, ಮೊಮ್ಮಗಳು, ಅವಳ ಅಜ್ಜಿ ಮನೆಯ ಇನ್ನೊಂದು ಕಾರಿನಲ್ಲಿ ಹಿಂದಿನಿಂದ ಬಂದರು. ಬೆಳಿಗ್ಗೆ ಮಳೆ ಬಂದು ರಸ್ತೆ ಒದ್ದೆಯಾಗಿತ್ತು. ಅವನು ಮಾರ್ಚಿನಲ್ಲಿ ಜಾರಿದ ತಿರುವು ಅದೇ ದಾರಿಯಲ್ಲಿತ್ತು. ಇಬ್ಬರೂ ಮಾತು ನಿಲ್ಲಿಸಿದೆವು. ಅವನು ವೇಗವನ್ನು ಮೊದಲೇ ತಗ್ಗಿಸಿ, ಸ್ಟಿಯರಿಂಗನ್ನು ನಿಧಾನವಾಗಿ ತಿರುಗಿಸಿದನು. ಕಾರು ವಾಲದೆ, ತಡವರಿಸದೆ, ಗೆರೆ ಎಳೆದಂತೆ ತಿರುಗಿ ಮುಂದೆ ಸಾಗಿತು. ಮಗನು ಉಸಿರು ಬಿಟ್ಟು, "ಅಪ್ಪಾ, ಈಗ ಅದು ಹೇಳಿದ್ದನ್ನು ಕೇಳುತ್ತದೆ" ಎಂದನು.

ಗುಡ್ಡದ ಇಳಿಜಾರಿನಲ್ಲಿ ಹುಲ್ಲನ್ನು ಅಗೆದು, ಕಂದಕಕ್ಕೆ ಬಿಳಿಯ ಸುಣ್ಣಕಲ್ಲನ್ನು ತುಂಬಿ ರಚಿಸಿದ ಕುದುರೆ ಅದು. ಉದ್ದ ಸುಮಾರು 110 ಮೀಟರ್. ವಯಸ್ಸು ಸುಮಾರು 3000 ವರ್ಷ. ಹುಲ್ಲು ಬೆಳೆದರೆ ಕೆಲವೇ ವರ್ಷಗಳಲ್ಲಿ ಅಳಿಸಿಹೋಗಬಹುದಾದ ಚಿತ್ರ ಉಳಿದುದು, ತಲೆಮಾರಿನಿಂದ ತಲೆಮಾರಿಗೆ ಜನ ಸೇರಿ ಹುಲ್ಲು ಕೆತ್ತಿ, ಹೊಸ ಸುಣ್ಣಕಲ್ಲನ್ನು ಬಡಿದು ತುಂಬುತ್ತ ಬಂದುದರಿಂದ. ಇದ್ದ ಹಾಗೆಯೇ ಇರಲಿ ಎಂದು ಬಿಟ್ಟಿದ್ದರೆ ಅಲ್ಲಿ ಇಂದು ಬರಿಯ ಹುಲ್ಲು ಇರುತ್ತಿತ್ತು. ಸಭೆಯಲ್ಲಿ ನಾನೇ ಆಡಿದ ಮಾತು ನನಗೆ ನೆನಪಾಯಿತು.

ಹಿಂದಿರುಗುವಾಗ ಸೊಸೆ ಗಂಡನ ಮುಂದೆ ಕೈಚಾಚಿ, "ಆ ಕಾರಿನ ಕೀಲಿಕೈ ಕೊಡಿ" ಎಂದಳು. ನನ್ನ ಕಡೆಗೆ ತಿರುಗಿ, "ಮಾವ, ನೀವು ನನ್ನ ಜೊತೆ ಕುಳಿತುಕೊಳ್ಳುತ್ತೀರಲ್ಲಾ?" ಎಂದು ಕೇಳಿದಳು. ಕುಳಿತುಕೊಂಡೆನು. ಆ ತಿರುವನ್ನು ಅವಳು ಮಗನಿಗಿಂತಲೂ ನಯವಾಗಿ ದಾಟಿದಳು. ಕಾರನ್ನು ಮಾರುವ ಮಾತು ಮತ್ತೆ ಬರಲಿಲ್ಲ.

ಊರಿಗೆ ಬಂದ ಮೂರನೆಯ ದಿನ ರಕ್ಷಕ-ಶಿಕ್ಷಕ ಸಂಘದ ಸಭೆ ಕರೆದೆನು. ವ್ಯಾನಿಗೆ ಒಪ್ಪಿದೆನು. ಬೆಳಗಿನ ಒಂದು ಅವಧಿ ಇಂಗ್ಲಿಷ್ ಮಾತುಗಾರಿಕೆಗೂ ಒಪ್ಪಿದೆನು. ಉಳಿದ ಪಾಠಗಳೆಲ್ಲವೂ ಕನ್ನಡದಲ್ಲಿಯೇ. ಮೊದಲು ಸೋರುವ ಮಾಡನ್ನು ಸರಿಪಡಿಸಬೇಕು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು ಎಂದಾಗ ಕೆಲವರು ಮುಖಮುಖ ನೋಡಿಕೊಂಡರು. ಈ ಜೂನಿನಲ್ಲಿ ಒಂದನೆಯ ತರಗತಿಗೆ ಹನ್ನೊಂದು ಮಕ್ಕಳು ಸೇರಿದ್ದಾರೆ. ಹನ್ನೊಂದು ದೊಡ್ಡ ಸಂಖ್ಯೆಯೇನೂ ಅಲ್ಲ. ಆದರೆ ಏಳಕ್ಕಿಂತ ನಾಲ್ಕು ಹೆಚ್ಚು.